ಎರಡು ಕಡ್ಡಿ ಇದ್ದರೂ ಘಾಟಿಯಲ್ಲಿ ನಿಂತ ಕಾರು: ಪೆಟ್ರೋಲ್ ಮೀಟರನ್ನು ಎಷ್ಟು ನಂಬಬಹುದು?

ಪ್ರಶ್ನೆ: ನನ್ನದು 2017ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಟ್ಯಾಂಕ್ 37 ಲೀಟರ್, ಮೀಟರಿನಲ್ಲಿ ಎಂಟು ಕಡ್ಡಿ. ಫುಲ್ ಮಾಡಿಸಿದರೆ ಮೊದಲ ಕಡ್ಡಿ ಹೋಗಲು 110 ಕಿ.ಮೀ. ಬೇಕು. ಅರ್ಧಕ್ಕಿಂತ ಕೆಳಗೆ ಬಂದರೆ 50 ಕಿ.ಮೀ.ಗೆ ಒಂದೊಂದು ಕಡ್ಡಿ ಹಾರುತ್ತದೆ. ಇದು ಕಾರು ಕೊಂಡಾಗಿನಿಂದಲೂ ಹೀಗೇ. ಆದರೆ ಎರಡು ತಿಂಗಳಿಂದ ಎರಡು ಕಡ್ಡಿ ಇರುವಾಗ ಒಮ್ಮೊಮ್ಮೆ ಸೊನ್ನೆಗೆ ಬಿದ್ದು, ಸ್ವಲ್ಪ ಹೊತ್ತಿಗೆ ವಾಪಸ್ ಬರುತ್ತಿದೆ. ಹೋದ ವಾರ ಶಿರಾಡಿ ಘಾಟಿ ಹತ್ತುವಾಗ ಇನ್ನೂ 70 ಕಿ.ಮೀ. ಹೋಗಬಹುದು ಎಂದು ತೋರಿಸುತ್ತಲೇ ಕಾರು ನಿಂತಿತು. ಪೆಟ್ರೋಲ್ ಪೂರ್ತಿ ಖಾಲಿ. ಕ್ಯಾನಿನಲ್ಲಿ ಎರಡು ಲೀಟರ್ ತಂದು ಹಾಕಿ ಬಂಕ್ ತಲುಪಿ ಫುಲ್ ಮಾಡಿಸಿದರೆ 38.6 ಲೀಟರ್ ಬಿಲ್ ಬಂತು! ಒಬ್ಬ ಮೆಕ್ಯಾನಿಕ್ ಟ್ಯಾಂಕಿನೊಳಗಿನ ಪಂಪ್ ಸೆಟ್ ಪೂರ್ತಿ ಬದಲಿಸಬೇಕು ಎನ್ನುತ್ತಾರೆ, ಇನ್ನೊಬ್ಬರು ಮೀಟರೇ ಹೋಗಿದೆ ಎನ್ನುತ್ತಾರೆ. ಯಾರನ್ನು ನಂಬಲಿ? ಬಂಕಿನವರ ಮೇಲೂ ಅನುಮಾನ ಬರುತ್ತಿದೆ.

ಉತ್ತರ: ನಿಮ್ಮ ಪತ್ರದಲ್ಲಿ ಒಂದಲ್ಲ, ನಾಲ್ಕು ದೂರುಗಳಿವೆ. ಮೇಲಿನ ಕಡ್ಡಿ ನಿಧಾನ, ಕೆಳಗಿನವು ಬೇಗ ಎನ್ನುವುದು ಆ ಮೀಟರಿನ ಹುಟ್ಟುಗುಣ. ಎರಡು ಕಡ್ಡಿಯಿಂದ ಸೊನ್ನೆಗೆ ಬಿದ್ದು ಏಳುವುದು ಕಾಯಿಲೆ. 70 ಕಿ.ಮೀ. ಎಂಬ ಅಂಕಿ ಒಂದು ಅಂದಾಜು, ಆ ದಿನ ಅದು ಎರಡು ಕಡೆಯಿಂದ ದಾರಿ ತಪ್ಪಿತ್ತು. 38.6 ಲೀಟರಿನ ಬಿಲ್ಲಿಗೂ ಇವುಗಳಿಗೂ ಸಂಬಂಧವೇ ಇಲ್ಲ. ಇವನ್ನೆಲ್ಲ ಒಂದೇ ಗಂಟು ಕಟ್ಟಿ ಗ್ಯಾರೇಜಿಗೆ ಹೋದರೆ ಬೇಡದ ಬಿಡಿಭಾಗಕ್ಕೆ ದುಡ್ಡು ಕಟ್ಟಿ ಬರಬೇಕಾಗುತ್ತದೆ. ಎಷ್ಟೇ ತಪ್ಪು ತೋರಿಸಿದರೂ ಪ್ರತಿ ಸಲ ಒಂದೇ ರೀತಿ ತಪ್ಪು ತೋರಿಸುವ ಮೀಟರಿನ ಜೊತೆ ಬಾಳಬಹುದು. ಇವತ್ತೊಂದು ನಾಳೆಯೊಂದು ತೋರಿಸುವುದನ್ನು ಮಾತ್ರ ರಿಪೇರಿ ಮಾಡಿಸಬೇಕು.

ಮೊದಲು ಹುಟ್ಟುಗುಣದ ಮಾತು. ಟ್ಯಾಂಕಿನೊಳಗೆ ಲೀಟರ್ ಅಳೆಯುವ ಸಾಧನ ಯಾವುದೂ ಇಲ್ಲ. ಇರುವುದು ಒಂದು ಫ್ಲೋಟ್ (ಪೆಟ್ರೋಲಿನ ಮೇಲೆ ತೇಲುವ ಬುರುಡೆ), ಅದಕ್ಕೆ ಕಟ್ಟಿದ ತಂತಿಯ ತೋಳು, ತೋಳಿನ ಬುಡದಲ್ಲಿ ಪಿಂಗಾಣಿ ಪಟ್ಟಿಯ ಮೇಲೆ ಬಳಿದ ರೆಸಿಸ್ಟರ್ ಟ್ರ್ಯಾಕ್. ಪೆಟ್ರೋಲ್ ಮಟ್ಟ ಇಳಿದಂತೆ ತೋಳು ಇಳಿಯುತ್ತದೆ, ತೋಳಿನ ಬುಡದ ಪುಟ್ಟ ಕಾಂಟ್ಯಾಕ್ಟ್ ಟ್ರ್ಯಾಕಿನ ಮೇಲೆ ಜಾರುತ್ತದೆ, ವಿದ್ಯುತ್ ರೋಧದ ಅಳತೆಯಾದ ಓಮ್ ಬದಲಾಗುತ್ತದೆ. ಮೀಟರಿಗೆ ಗೊತ್ತಾಗುವುದು ಆ ಓಮ್ ಅಷ್ಟೇ. ಅಂದರೆ ಅದು ಅಳೆಯುವುದು ಎತ್ತರವನ್ನು, ಪ್ರಮಾಣವನ್ನಲ್ಲ. ಟ್ಯಾಂಕ್ ಚೌಕಾಕಾರದ ಡಬ್ಬಿಯಾಗಿದ್ದರೆ ಎರಡೂ ಒಂದೇ ಆಗುತ್ತಿತ್ತು. ಆದರೆ ಹಿಂದಿನ ಸೀಟಿನ ಕೆಳಗೆ ಎಕ್ಸಾಸ್ಟ್ ಪೈಪಿಗೆ, ಸಸ್ಪೆನ್ಷನ್ನಿಗೆ ಜಾಗ ಬಿಟ್ಟು ಉಳಿದ ಸಂದಿಗೊಂದಿಯಲ್ಲಿ ತುರುಕಿದ ಪಾತ್ರೆ ಅದು. ಮೇಲೆ ಅಗಲ, ತಳದಲ್ಲಿ ಕಿರಿದು. ಮೇಲ್ಭಾಗದಲ್ಲಿ ಮಟ್ಟ ಒಂದು ಸೆಂಟಿಮೀಟರ್ ಇಳಿಯಲು ಎರಡೂವರೆ ಲೀಟರ್ ಖರ್ಚಾಗಬೇಕು, ತಳದಲ್ಲಿ ಒಂದೂಕಾಲು ಲೀಟರ್ ಸಾಕು ಎಂದುಕೊಳ್ಳಿ. ನಿಮ್ಮ 110 ಮತ್ತು 50ರ ಲೆಕ್ಕ ಅಲ್ಲಿಂದಲೇ ಶುರು.

ಅದರ ಮೇಲೆ ಇನ್ನೊಂದಿದೆ. ಟ್ಯಾಂಕ್ ಪೂರ್ತಿ ತುಂಬುವ ಮೊದಲೇ ಫ್ಲೋಟ್ ತನ್ನ ಮೇಲಿನ ಮಿತಿ ಮುಟ್ಟಿರುತ್ತದೆ. ಆಮೇಲೆ ಹಾಕಿದ ಪೆಟ್ರೋಲ್, ತುಂಬುವ ಪೈಪಿನಲ್ಲಿ ನಿಂತದ್ದು, ಎಲ್ಲ ಸೇರಿ ಮೊದಲ ಕೆಲವು ಲೀಟರ್ ಖರ್ಚಾಗುವವರೆಗೂ ಫ್ಲೋಟ್ ಕದಲುವುದೇ ಇಲ್ಲ. ತಳದಲ್ಲೂ ಹಾಗೆಯೇ, ಫ್ಲೋಟ್ ಕೆಳಗಿನ ಮಿತಿ ಮುಟ್ಟಿದ ಮೇಲೂ ಸ್ವಲ್ಪ ಪೆಟ್ರೋಲ್ ಉಳಿದಿರುತ್ತದೆ. ಈ ಓರೆಕೋರೆಗಳನ್ನು ಮೀಟರ್ ಕ್ಲಸ್ಟರಿನ (ಸ್ಟಿಯರಿಂಗ್ ಹಿಂದಿರುವ ಮೀಟರುಗಳ ಜೋಡಣೆ) ಸಾಫ್ಟ್‌ವೇರಿನಲ್ಲಿ ಒಂದು ಪಟ್ಟಿ ಇಟ್ಟು ಸರಿಪಡಿಸಬಹುದು, ಹೊಸ ಕಾರುಗಳಲ್ಲಿ ಸರಿಪಡಿಸುತ್ತಾರೆ ಕೂಡ. ಆದರೂ ಮೇಲಿನ ಭಾಗವನ್ನು ಉದಾರವಾಗಿಯೇ ಬಿಡುತ್ತಾರೆ, ಕೆಳಗಿನ ಭಾಗವನ್ನು ಬೇಗ ಇಳಿಸುತ್ತಾರೆ. ಫುಲ್ ಮಾಡಿಸಿ 20 ಕಿ.ಮೀ.ಗೆ ಮುಳ್ಳು ಇಳಿದರೆ ಗ್ರಾಹಕ ಸಿಟ್ಟಾಗುತ್ತಾನೆ, ಖಾಲಿ ಎನ್ನುವುದನ್ನು ತಡವಾಗಿ ಹೇಳಿದರೆ ರಸ್ತೆಯಲ್ಲಿ ನಿಲ್ಲುತ್ತಾನೆ. ಇದು ಮೋಸವಲ್ಲ, ಬೇಕೆಂದೇ ಮಾಡಿದ ಆಯ್ಕೆ. ಆದರೆ ಅದನ್ನು ಕೈಪಿಡಿಯಲ್ಲಿ ಎರಡು ಸಾಲು ಬರೆದು ತಿಳಿಸಿದ್ದರೆ ಅರ್ಧದಷ್ಟು ಮಾಲೀಕರು ಸರ್ವಿಸ್ ಸೆಂಟರಿನಲ್ಲಿ ಜಗಳ ಆಡುವುದು ತಪ್ಪುತ್ತಿತ್ತು.

ಈಗ ಕಾಯಿಲೆಗೆ ಬರೋಣ. ನೀವು ಹೇಳಿದ ಲಕ್ಷಣ, ಅಂದರೆ ಒಂದೇ ಮಟ್ಟದಲ್ಲಿ ಸಿಗ್ನಲ್ ಕಡಿದು ಮತ್ತೆ ಬರುವುದು, ಬಹುಪಾಲು ಟ್ರ್ಯಾಕ್ ಸವೆತದ್ದು. ಒಂದು ಪ್ರಶ್ನೆ ಕೇಳಿಕೊಳ್ಳಿ: ದಿನನಿತ್ಯ ಐನೂರು, ಸಾವಿರ ರೂಪಾಯಿಗೆ ಪೆಟ್ರೋಲ್ ಹಾಕಿಸುವ ಅಭ್ಯಾಸವಿದೆಯೇ? ಹಾಗಿದ್ದರೆ ಫ್ಲೋಟ್ ತನ್ನ ಆಯುಷ್ಯವನ್ನೆಲ್ಲ ಒಂದು ಮತ್ತು ಮೂರನೆಯ ಕಡ್ಡಿಯ ನಡುವೆ ಕಳೆದಿರುತ್ತದೆ. ಪ್ರತಿ ಬ್ರೇಕಿಗೆ, ಪ್ರತಿ ರಸ್ತೆ ಉಬ್ಬಿಗೆ ಪೆಟ್ರೋಲ್ ತುಳುಕಿ ಕಾಂಟ್ಯಾಕ್ಟ್ ಅದೇ ಜಾಗವನ್ನು ಉಜ್ಜಿ ಉಜ್ಜಿ ಅಲ್ಲಿನ ಲೇಪ ಹೋಗಿರುತ್ತದೆ. ಸದಾ ಫುಲ್ ಮಾಡಿಸುವವರ ಕಾರಿನಲ್ಲಿ ಸವೆತ ಇಡೀ ಟ್ರ್ಯಾಕಿಗೆ ಹಂಚಿಹೋಗಿರುತ್ತದೆ.

ಎರಡನೆಯ ಸಾಧ್ಯತೆ ಕಾಂಟ್ಯಾಕ್ಟಿನ ಮೇಲೆ ಕಪ್ಪು ಪದರ. ಟ್ರ್ಯಾಕಿನಲ್ಲಿ ಬೆಳ್ಳಿ ಇರುತ್ತದೆ. ಇಂಧನದಲ್ಲಿನ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ, ಹಬ್ಬಕ್ಕೆ ಹೊರತೆಗೆದ ಬೆಳ್ಳಿ ಲೋಟ ಕಪ್ಪಾಗಿರುವಂತೆಯೇ. 2004ರ ಮೇ ತಿಂಗಳಲ್ಲಿ ಅಮೆರಿಕದ ಫ್ಲೋರಿಡಾ ಸುತ್ತಮುತ್ತ ಗಂಧಕ ಹೆಚ್ಚಾಗಿದ್ದ ಪೆಟ್ರೋಲ್ ಮಾರುಕಟ್ಟೆಗೆ ಬಂದು, ಟ್ಯಾಂಕ್ ಖಾಲಿಯಿದ್ದರೂ ಫುಲ್ ಎಂದು ತೋರಿಸುವ ಕಾರುಗಳ ಸಾಲೇ ಗ್ಯಾರೇಜುಗಳ ಮುಂದೆ ನಿಂತಿತ್ತು. ನಮ್ಮಲ್ಲಿ 2020ರ ಏಪ್ರಿಲಿನಿಂದ ಬಂದ ಬಿಎಸ್6 ಪೆಟ್ರೋಲಿನಲ್ಲಿ ಗಂಧಕದ ಮಿತಿ 10 ಪಿಪಿಎಂ (ಹತ್ತು ಲಕ್ಷ ಪಾಲಿಗೆ 10 ಪಾಲು), ಅದಕ್ಕೆ ಹಿಂದಿನ ಬಿಎಸ್4ರಲ್ಲಿ 50 ಇತ್ತು. ಹಾಗಾಗಿ ಹೊಸದಾಗಿ ಪದರ ಕಟ್ಟುವ ಸಂಭವ ಕಡಿಮೆ, 2017ರ ಕಾರಿನಲ್ಲಿ ಹಳೆಯದು ಉಳಿದಿರಬಹುದು. ಟ್ಯಾಂಕಿನೊಳಗೆ ನೀರು ಸೇರಿದ್ದರೂ ಟ್ರ್ಯಾಕ್ ಕೆಡುತ್ತದೆ. ಇ20 ಪೆಟ್ರೋಲಿನಲ್ಲಿ ಬೆರೆತ ಶೇ. 20ರಷ್ಟು ಎಥನಾಲ್ ತೇವ ಹೀರುತ್ತದೆ, ಆದ್ದರಿಂದ ತಿಂಗಳುಗಟ್ಟಲೆ ನಿಲ್ಲಿಸಿದ ಕಾರಿನಲ್ಲಿ ಇದನ್ನು ಮರೆಯುವಂತಿಲ್ಲ. ಎಥನಾಲ್ ಬೆರೆತ ಮಾತ್ರಕ್ಕೆ ಫ್ಲೋಟ್ ಮೀಟರೇ ತಪ್ಪು ತೋರಿಸುತ್ತದೆ ಎಂಬ ಮಾತಿದೆಯಲ್ಲ, ಅದು ಸರಿಯಲ್ಲ. ಇ20ರಿಂದ ಮೈಲೇಜ್ ಸ್ವಲ್ಪ ಇಳಿಯುತ್ತದೆ, ಆದ್ದರಿಂದ ಕಡ್ಡಿ ಬೇಗ ಹೋದಂತೆ ಕಾಣುತ್ತದೆ, ಅಷ್ಟೇ.

ಮೂರನೆಯದು ಕಪ್ಲರಿನ (ತಂತಿಗಳನ್ನು ಜೋಡಿಸುವ ಪ್ಲಗ್) ಪಿನ್ ಅಥವಾ ಅರ್ತಿಂಗ್. ಸ್ಪೀಡ್, ಟೆಂಪರೇಚರ್ ಮೀಟರುಗಳೂ ಜೊತೆಯಲ್ಲೇ ಕುಣಿಯುತ್ತಿದ್ದರೆ ಟ್ಯಾಂಕಿನ ತಂಟೆಗೆ ಹೋಗಬೇಡಿ, ಕ್ಲಸ್ಟರಿನ ಅರ್ತಿಂಗ್ ನೋಡಿಸಿ. ಪೆಟ್ರೋಲ್ ಮೀಟರೊಂದೇ ಕುಣಿದರೆ ದೋಷ ಟ್ಯಾಂಕಿನಿಂದ ಕ್ಲಸ್ಟರಿನವರೆಗಿನ ದಾರಿಯಲ್ಲೆಲ್ಲೋ ಇದೆ.

ಮೀಟರ್ ಸದಾ ಒಂದು ಕಡ್ಡಿ ಹೆಚ್ಚು ಅಥವಾ ಒಂದು ಕಡ್ಡಿ ಕಡಿಮೆ ತೋರಿಸುವುದಾದರೆ ಕಾರಣ ಬೇರೆ. ಪಂಪ್ ಬದಲಿಸುವಾಗ ಫ್ಲೋಟಿನ ತೋಳು ಬಗ್ಗಿರಬಹುದು, ಬೇರೆ ಮಾದರಿಯ ಫ್ಲೋಟ್ ಯೂನಿಟ್ (ಫ್ಲೋಟ್, ತೋಳು, ಟ್ರ್ಯಾಕ್ ಸೇರಿದ ಭಾಗ) ಹಾಕಿರಬಹುದು, ಪೆಟ್ರೋಲ್ ಒಳಗಿಳಿದು ಫ್ಲೋಟ್ ಭಾರವಾಗಿರಬಹುದು. ಎತ್ತರದ ಹಂಪಿಗೋ ಕಲ್ಲಿಗೋ ಟ್ಯಾಂಕಿನ ತಳ ಬಡಿದು ಒಳಕ್ಕೆ ಉಬ್ಬಿದ್ದರೆ ಫ್ಲೋಟ್ ಆ ಉಬ್ಬಿನ ಮೇಲೆಯೇ ಕುಳಿತುಬಿಡುತ್ತದೆ. ಆಗ ಮೀಟರ್ ಒಂದು ಕಡ್ಡಿಯ ಕೆಳಗೆ ಇಳಿಯುವುದೇ ಇಲ್ಲ, ಕಾರು ಮಾತ್ರ ನಿಲ್ಲುತ್ತದೆ. ಪಿಟ್ ಮೇಲೆ ಹತ್ತಿಸಿ ಟಾರ್ಚ್ ಬಿಟ್ಟರೆ ಎರಡು ನಿಮಿಷದಲ್ಲಿ ಗೊತ್ತಾಗುವ ವಿಷಯ ಇದು, ಕೊನೆಗೆ ನೋಡುವವರೇ ಜಾಸ್ತಿ.

ಟ್ಯಾಂಕ್ ತೆರೆಯದೆ ಮಾಡುವ ಪರೀಕ್ಷೆ

ಇಬ್ಬರು ಮೆಕ್ಯಾನಿಕ್‌ಗಳಲ್ಲಿ ಯಾರು ಸರಿ ಎಂಬುದಕ್ಕೆ ಮಲ್ಟಿಮೀಟರ್ ಉತ್ತರ ಕೊಡುತ್ತದೆ. ಮೀಟರ್ ತೊಂದರೆ ಕೊಡುವ ಮಟ್ಟದಲ್ಲೇ, ಅಂದರೆ ಸುಮಾರು ಎರಡು ಕಡ್ಡಿ ಪೆಟ್ರೋಲ್ ಇರುವಾಗಲೇ ಮಾಡಬೇಕು. ಫುಲ್ ಟ್ಯಾಂಕಿನಲ್ಲಿ ಪರೀಕ್ಷಿಸಿದರೆ ಎಲ್ಲ ಸರಿಯಾಗಿದೆ ಎಂದೇ ಬರುತ್ತದೆ.

ಗಾಳಿಯಾಡುವ ಜಾಗದಲ್ಲಿ ಕಾರು ನಿಲ್ಲಿಸಿ, ಬಾಗಿಲುಗಳನ್ನು ತೆರೆದಿಟ್ಟು, ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿ. ಹಿಂದಿನ ಸೀಟಿನ ಕೂರುವ ಭಾಗವನ್ನು ಎತ್ತಿದರೆ ಹಲವು ಹ್ಯಾಚ್‌ಬ್ಯಾಕುಗಳಲ್ಲಿ ಅಂಗೈಯಗಲದ ಒಂದು ಮುಚ್ಚಳ ಕಾಣುತ್ತದೆ. ಅದರ ಕೆಳಗೆ ಪಂಪಿನ ತಲೆ, ಅದರ ಮೇಲೊಂದು ಕಪ್ಲರ್. ಕೆಲವು ಮಾದರಿಗಳಲ್ಲಿ ಈ ಮುಚ್ಚಳವೇ ಇರುವುದಿಲ್ಲ, ಟ್ಯಾಂಕನ್ನೇ ಇಳಿಸಬೇಕು. ಅಂಥ ಕಾರಾದರೆ ಮನೆಯ ಪ್ರಯತ್ನ ಇಲ್ಲಿಗೇ ಬಿಡಿ. ಕಪ್ಲರಿನ ನಾಲ್ಕು ತಂತಿಗಳಲ್ಲಿ ದಪ್ಪನೆಯ ಎರಡು ಪಂಪಿನವು, ತೆಳ್ಳಗಿನ ಎರಡು ಫ್ಲೋಟ್ ಯೂನಿಟ್ಟಿನವು ಎಂಬುದು ಸಾಮಾನ್ಯ ಗುರುತು. ಆದರೂ ವೈರಿಂಗ್ ಚಿತ್ರ ನೋಡಿ ಖಚಿತ ಮಾಡಿಕೊಳ್ಳಿ. ಕಪ್ಲರ್ ಕಳಚಿ, ಪಂಪಿನ ತಲೆಯ ಬದಿಯ ಆ ಎರಡು ಪಿನ್ನುಗಳಿಗೆ ಮಲ್ಟಿಮೀಟರನ್ನು ಓಮ್‌ನಲ್ಲಿಟ್ಟು ಹಿಡಿಯಿರಿ. ಯಾವ ಕಾರಣಕ್ಕೂ ಅಲ್ಲಿಗೆ 12 ವೋಲ್ಟ್ ಕೊಟ್ಟು ನೋಡುವ ಸಾಹಸ ಬೇಡ.

ಎಷ್ಟು ಓಮ್ ಬರಬೇಕು ಎಂಬುದು ಕಾರಿನಿಂದ ಕಾರಿಗೆ ಬೇರೆ. ಜನರಲ್ ಮೋಟರ್ಸ್‌ನ ಹಳೆಯ ಪದ್ಧತಿಯಲ್ಲಿ ಖಾಲಿಗೆ 0, ಫುಲ್ಲಿಗೆ 90. ಹಲವು ಹಳೆಯ ಜಪಾನಿ ಕಾರುಗಳಲ್ಲಿ ತಿರುವುಮುರುವು, ಖಾಲಿಗೆ ಸುಮಾರು 110, ಫುಲ್ಲಿಗೆ ಸುಮಾರು 3. ನಿಮ್ಮ ಮಾದರಿಯ ಸರ್ವಿಸ್ ಮ್ಯಾನ್ಯುಯಲಿನ ಅಂಕಿಯನ್ನೇ ಹಿಡಿಯಿರಿ. ಅಸಲಿಗೆ ಈ ಪರೀಕ್ಷೆಯಲ್ಲಿ ಅಂಕಿಗಿಂತ ಅದರ ನಡವಳಿಕೆ ಮುಖ್ಯ. ಒಬ್ಬರು ಕಾರಿನ ಹಿಂಭಾಗವನ್ನು ಎಡಬಲಕ್ಕೆ ನಿಧಾನವಾಗಿ ಅಲ್ಲಾಡಿಸಲಿ. ಒಳಗೆ ಪೆಟ್ರೋಲ್ ತುಳುಕಿ ಫ್ಲೋಟ್ ಏರಿಳಿಯುತ್ತದೆ, ಓಮ್ ಕೂಡ ನಯವಾಗಿ ಏರಿಳಿಯಬೇಕು. ನಡುನಡುವೆ ಅಂಕಿ ಮಾಯವಾಗಿ ಸರ್ಕ್ಯೂಟ್ ಕಡಿದಂತೆ ತೋರಿಸಿದರೆ ಬಹುಪಾಲು ಟ್ರ್ಯಾಕ್ ಸವೆದಿದೆ ಎಂದರ್ಥ. ಇದಕ್ಕೆ ಮುಳ್ಳಿನ ಹಳೆಯ ಮಲ್ಟಿಮೀಟರೇ ಒಳ್ಳೆಯದು. ಡಿಜಿಟಲ್ ಪರದೆ ಕ್ಷಣಮಾತ್ರದ ಕಡಿತವನ್ನು ನುಂಗಿಬಿಡಬಹುದು.

ಅಲ್ಲಾಡಿಸಿದರೂ ಓಮ್ ನಯವಾಗಿಯೇ ಬಂದರೆ ತನಿಖೆ ಇನ್ನೊಂದು ದಿಕ್ಕಿಗೆ ತಿರುಗಬೇಕು. ಮ್ಯಾನ್ಯುಯಲ್ ಪ್ರಕಾರ ಅರ್ಧ ಟ್ಯಾಂಕಿಗೆ ಎಷ್ಟು ಓಮೋ ಅಷ್ಟರ ಒಂದು ರೆಸಿಸ್ಟರನ್ನು ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ತಂದು, ಕಪ್ಲರಿನ ವೈರಿಂಗ್ ಬದಿಯ ಫ್ಲೋಟ್ ಪಿನ್ನುಗಳಿಗೆ ಸಿಕ್ಕಿಸಿ, ಬ್ಯಾಟರಿ ಜೋಡಿಸಿ, ಕೀ ಆನ್ ಮಾಡಿ. ಮೀಟರ್ ಅರ್ಧಕ್ಕೆ ಬಂದು ಅಲ್ಲೇ ನಿಂತರೆ ವೈರಿಂಗ್ ಮತ್ತು ಕ್ಲಸ್ಟರ್ ಎರಡೂ ಸರಿ. ಹಾರಾಡಿದರೆ ವೈರಿಂಗ್ ಜಾಲಾಡಿಸಿ, ಮೊದಲು ಕಪ್ಲರಿನ ಹಸಿರುಗಟ್ಟಿದ ಪಿನ್ನುಗಳನ್ನು ನೋಡಿ.

ಕ್ಲಸ್ಟರೇ ತಪ್ಪುವುದು ಅಪರೂಪ, ಆದರೆ ಇಲ್ಲವೆಂದಲ್ಲ. 2025ರ ನವೆಂಬರಿನಲ್ಲಿ ಮಾರುತಿ ಸುಜುಕಿ ಇದೇ ಕಾರಣಕ್ಕೆ 39,506 ಗ್ರ್ಯಾಂಡ್ ವಿಟಾರಾಗಳನ್ನು ವಾಪಸ್ ಕರೆಯಿತು. 2024ರ ಡಿಸೆಂಬರ್ 9ರಿಂದ 2025ರ ಏಪ್ರಿಲ್ 29ರ ನಡುವೆ ತಯಾರಾದ ಆ ಕಾರುಗಳಲ್ಲಿ ಸ್ಪೀಡೋಮೀಟರ್ ಜೋಡಣೆಯೊಳಗಿನ ಇಂಧನ ಸೂಚಕ ಮತ್ತು ಎಚ್ಚರಿಕೆ ದೀಪ ಸರಿಯಾದ ಮಟ್ಟ ತೋರಿಸದಿರಬಹುದು ಎಂಬುದು ದೋಷ. ನಮ್ಮ ಬಿಡದಿಯ ಕಾರ್ಖಾನೆಯಲ್ಲೇ ತಯಾರಾಗುವ, ಅದರ ಜೊತೆಗಾರ ಟೊಯೋಟಾ ಹೈರೈಡರ್ ಕಾರುಗಳಿಗೂ ಅದೇ ಕರೆ ಬಂತು. ನಿಮ್ಮ ಕಾರು ಆ ಪಟ್ಟಿಗೆ ಸೇರುವುದಿಲ್ಲ. ಆದರೆ ಹೊಸ ಕಾರಿನವರು ಇಂಥ ದೂರು ಬಂದಾಗ ಗ್ಯಾರೇಜಿಗೆ ಮುಂಚೆ ಕಂಪನಿಯ ಜಾಲತಾಣದಲ್ಲಿ ಚಾಸಿ ನಂಬರ್ ಹಾಕಿ ನೋಡಬೇಕು. ರಿಕಾಲ್ ಇದ್ದರೆ ಪಾರ್ಟು, ಕೂಲಿ ಎರಡೂ ಉಚಿತ.

ರಿಪೇರಿ ಮಾಡಿಸುವಾಗ

ನನ್ನ ಅಂದಾಜು: ನಿಮ್ಮದು ಫ್ಲೋಟ್ ಯೂನಿಟ್ಟಿನ ದೋಷ, ಪಂಪ್ ಆರೋಗ್ಯವಾಗಿಯೇ ಇದೆ. ಹಲವು ಕಾರುಗಳಲ್ಲಿ ಫ್ಲೋಟ್ ಯೂನಿಟ್ ಪಂಪಿನ ಪಕ್ಕಕ್ಕೆ ಕ್ಲಿಪ್ಪಿನಲ್ಲಿ ಕೂತಿರುತ್ತದೆ, ಜಾರಿಸಿ ತೆಗೆಯಬಹುದು. ಚಾಸಿ ನಂಬರ್ ಕೊಟ್ಟು, ಫ್ಲೋಟ್ ಯೂನಿಟ್ಟಿಗೆ ಬೇರೆ ಪಾರ್ಟ್ ನಂಬರ್ ಇದೆಯೇ ಎಂದು ಬಿಡಿಭಾಗದ ಕೌಂಟರಿನಲ್ಲಿ ನೀವೇ ಕೇಳಿ. ಇದ್ದರೆ ಪೂರ್ತಿ ಸೆಟ್ಟಿನ ಬೆಲೆಗಿಂತ ಎಷ್ಟೋ ಕಡಿಮೆಯಲ್ಲಿ ಮುಗಿಯುತ್ತದೆ. ಇಲ್ಲದಿದ್ದರೆ ಮಾತ್ರ ಮೊದಲ ಮೆಕ್ಯಾನಿಕ್ ಹೇಳಿದ್ದು ಸರಿ.

ಟ್ಯಾಂಕ್ ತೆರೆಯುವ ಕೆಲಸ ಮನೆಯಲ್ಲಿ ಬೇಡವೇ ಬೇಡ. ಗ್ಯಾರೇಜಿನಲ್ಲಿ ಮಾಡಿಸುವಾಗಲೂ ಕೆಲವನ್ನು ಗಮನಿಸಿ. ಟ್ಯಾಂಕಿನಲ್ಲಿ ಕಾಲುಭಾಗಕ್ಕಿಂತ ಕಡಿಮೆ ಪೆಟ್ರೋಲ್ ಇರಲಿ. ಲೈನಿನಲ್ಲಿ 3ರಿಂದ 4 ಬಾರ್ ಒತ್ತಡ ಇರುತ್ತದೆ, ಅದನ್ನು ಮೊದಲು ಇಳಿಸಬೇಕು: ಪಂಪಿನ ಫ್ಯೂಸ್ ತೆಗೆದು ಎಂಜಿನ್ ಸ್ಟಾರ್ಟ್ ಮಾಡಿ, ಅದು ತಾನಾಗಿ ಆರುವವರೆಗೆ ಬಿಟ್ಟು, ಆಮೇಲೆ ಬ್ಯಾಟರಿ ಬಿಚ್ಚಿ. ಪಂಪಿನ ತಲೆಯನ್ನು ಹಿಡಿದಿರುವ ದೊಡ್ಡ ರಿಂಗನ್ನು ಅದರದೇ ಟೂಲಿನಿಂದ ತಿರುಗಿಸಬೇಕು. ಸ್ಕ್ರೂಡ್ರೈವರ್ ಇಟ್ಟು ಸುತ್ತಿಗೆಯಿಂದ ಹೊಡೆಯುವವರ ಕೈಗೆ ಕಾರು ಕೊಡಬೇಡಿ. ರಿಂಗ್ ಪ್ಲಾಸ್ಟಿಕ್ಕಾದರೆ ಸೀಳುತ್ತದೆ, ಕಬ್ಬಿಣವಾದರೆ ಕಿಡಿ ಹಾರುತ್ತದೆ. ಹಳೆಯ ರಬ್ಬರ್ ಓ-ರಿಂಗ್ ಪೆಟ್ರೋಲ್ ಕುಡಿದು ಉಬ್ಬಿರುತ್ತದೆ, ಮತ್ತೆ ಕೂರುವುದಿಲ್ಲ. ಹೊಸದನ್ನು ಮೊದಲೇ ತಂದಿಟ್ಟುಕೊಳ್ಳಬೇಕು. ಇಲ್ಲವಾದರೆ ಫುಲ್ ಮಾಡಿಸಿದ ಮೊದಲ ದಿನವೇ ಕಾರಿನೊಳಗೆ ಪೆಟ್ರೋಲ್ ವಾಸನೆ.

ಹೊಸ ಯೂನಿಟ್ಟನ್ನು ಒಳಗಿಡುವ ಮೊದಲು ಮಲ್ಟಿಮೀಟರ್ ಹಿಡಿದು ತೋಳನ್ನು ತಳದಿಂದ ಮೇಲಕ್ಕೆ ಒಮ್ಮೆ ನಿಧಾನವಾಗಿ ಎತ್ತಿ ತೋರಿಸಲು ಹೇಳಿ. ಅಂಕಿ ಎಲ್ಲೂ ಕಡಿಯಬಾರದು, ಎರಡೂ ಕೊನೆಗಳ ಓಮ್ ಮ್ಯಾನ್ಯುಯಲಿಗೆ ಹೊಂದಬೇಕು. ಪಂಪಿನ ತಲೆಯ ಮೇಲಿನ ಬಾಣದ ಗುರುತು ಟ್ಯಾಂಕಿನ ಗುರುತಿಗೆ ಕೂಡಬೇಕು. ಹತ್ತಿಪ್ಪತ್ತು ಡಿಗ್ರಿ ತಿರುಗಿ ಕೂತರೂ ಫ್ಲೋಟ್ ಒಳಗಿನ ಗೋಡೆಗೆ ತಾಗಿ ನಿಲ್ಲಬಹುದು. ತೋಳನ್ನು ಬಗ್ಗಿಸಿ "ಅಡ್ಜಸ್ಟ್" ಮಾಡಿಕೊಡುತ್ತೇವೆ ಎಂದರೆ ಬೇಡವೆನ್ನಿ. ಒಂದು ಮಟ್ಟದಲ್ಲಿ ಸರಿ ಮಾಡಲು ಹೋದರೆ ಇನ್ನೊಂದು ಮಟ್ಟದಲ್ಲಿ ಕೆಡುತ್ತದೆ.

ಪೆಟ್ರೋಲಿಗೆ ಬೆರೆಸುವ ಕ್ಲೀನರ್ ಬಾಟಲಿಗಳ ಬಗ್ಗೆ ಒಂದು ಮಾತು. ಪಾಲಿಈಥರ್ ಅಮೀನ್ ಇರುವವು ಗಂಧಕದ ಪದರವನ್ನು ಕೆಲವೊಮ್ಮೆ ಕರಗಿಸುತ್ತವೆ. ಸವೆದು ಹೋದ ಟ್ರ್ಯಾಕನ್ನು ಯಾವ ಬಾಟಲಿಯೂ ವಾಪಸ್ ತರುವುದಿಲ್ಲ. ಮೇಲಿನ ಪರೀಕ್ಷೆಯಲ್ಲಿ ಅಂಕಿ ಕಡಿಯಿತೆಂದರೆ ಆ ದುಡ್ಡು ಉಳಿಸಿ.

ಆ 70 ಕಿ.ಮೀ. ಎಲ್ಲಿ ಹೋಯಿತು?

ಇನ್ನೆಷ್ಟು ದೂರ ಎಂಬ ಅಂಕಿ ಒಂದು ಗುಣಾಕಾರ: ಮೀಟರಿನ ಪ್ರಕಾರ ಉಳಿದಿರುವ ಲೀಟರ್, ಇತ್ತೀಚಿನ ಸರಾಸರಿ ಮೈಲೇಜ್. ಕರಾವಳಿಯಿಂದ ಸಮತಟ್ಟಾದ ಹೆದ್ದಾರಿಯಲ್ಲಿ ಬಂದ ಕಾರಿನ ಸರಾಸರಿ 17 ಎಂದಿಟ್ಟುಕೊಂಡರೆ, 70 ಕಿ.ಮೀ. ಎಂದರೆ ಕ್ಲಸ್ಟರಿನ ಲೆಕ್ಕದಲ್ಲಿ ಸುಮಾರು 4 ಲೀಟರ್. ಗುಂಡ್ಯ ದಾಟಿ ಏರು ಶುರುವಾದ ಮೇಲೆ ಮೈಲೇಜ್ 9ಕ್ಕೆ ಇಳಿದರೂ ಅದೇ 4 ಲೀಟರ್ 36 ಕಿ.ಮೀ. ಮಾತ್ರ. ಸರಾಸರಿ ನಿಧಾನವಾಗಿ ಬದಲಾಗುವುದರಿಂದ ಪರದೆಯ ಅಂಕಿ ಹಿಂದೆಯೇ ಉಳಿಯುತ್ತದೆ. ಅದೊಂದೇ ಆಗಿದ್ದರೆ ನೀವು ಘಾಟಿ ದಾಟುತ್ತಿದ್ದಿರಿ. ಟ್ಯಾಂಕ್ ಪೂರ್ತಿ ಖಾಲಿಯಾಗಿತ್ತು ಎಂದಿದ್ದೀರಿ, ಅಂದರೆ ಆ 4 ಲೀಟರೇ ಸುಳ್ಳು. ತುಳುಕಾಟಕ್ಕೆ ಮುಳ್ಳು ಕುಣಿಯದಿರಲೆಂದು ಕ್ಲಸ್ಟರ್ ಸಿಗ್ನಲ್ಲನ್ನು ನಿಮಿಷಗಟ್ಟಲೆ ಸರಾಸರಿ ತೆಗೆಯುತ್ತದೆ. ಕೆಲವು ಕ್ಲಸ್ಟರುಗಳು ಸಿಗ್ನಲ್ ಕಡಿದಾಗ ಕೊನೆಯ ಒಳ್ಳೆಯ ಅಂಕಿಯನ್ನೇ ಹಿಡಿದುಕೊಂಡು ಕೂರುತ್ತವೆ. ಟ್ರ್ಯಾಕ್ ಸವೆದ ಕಾರು ಖಾಲಿಯಾಗುತ್ತಾ ಹೋದರೂ ಪರದೆಯಲ್ಲಿ ಹಳೆಯ ಲೆಕ್ಕವೇ ಉಳಿಯುವುದು ಹೀಗೆ.

ಇಳಿಜಾರಿನಲ್ಲಿ ನಿಲ್ಲಿಸಿದ ಕಾರಿನ ಮೀಟರನ್ನೂ ನಂಬಬೇಡಿ. ಪೆಟ್ರೋಲ್ ಒಂದು ಬದಿಗೆ ಸರಿದು ಒಂದೆರಡು ಕಡ್ಡಿ ಹೆಚ್ಚುಕಡಿಮೆಯಾಗುವುದು ಸಹಜ. ಹಾಗೆಯೇ ಎಂಜಿನ್ ಆರಿಸದೆ, ಕೀ ಆನ್ ಇಟ್ಟುಕೊಂಡೇ ಹಾಕಿಸಿದರೆ ಮೀಟರ್ ಏರಲು ಬಹಳ ಹೊತ್ತು ತೆಗೆದುಕೊಳ್ಳಬಹುದು. ಸುರಕ್ಷತೆಗೂ ಅದು ಸರಿಯಲ್ಲ.

ಬಂಕಿನ ಲೆಕ್ಕ

ಕ್ಯಾನಿನ ಎರಡು ಲೀಟರಿನಲ್ಲಿ ಬಂಕ್ ತಲುಪುವಷ್ಟರಲ್ಲಿ ಬಹುಪಾಲು ಖರ್ಚಾಗಿರುತ್ತದೆ. ಒಟ್ಟು ಟ್ಯಾಂಕಿನಲ್ಲಿ 39 ಲೀಟರ್ ಆಸುಪಾಸು ನಿಂತಿತು ಎಂದುಕೊಳ್ಳೋಣ. 37 ಎನ್ನುವುದು ಕಂಪನಿ ಘೋಷಿಸಿದ ಅಳತೆ. ಆವಿ ಹಿಗ್ಗಲು ಅದರ ಮೇಲೆ ಖಾಲಿ ಜಾಗ ಬಿಟ್ಟಿರುತ್ತಾರೆ, ತುಂಬುವ ಪೈಪಿನ ಜಾಗ ಬೇರೆ. ಆಟೊ ಕಟ್ ಆದ ಮೇಲೂ "ಇನ್ನು ಸ್ವಲ್ಪ" ಎಂದು ತುಂಬಿಸಿದರೆ ಆ ಜಾಗವೆಲ್ಲ ಪೆಟ್ರೋಲಿನಿಂದ ತುಂಬುತ್ತದೆ. ಹಾಗಾಗಿ ಎರಡು ಲೀಟರ್ ಹೆಚ್ಚು ಹಿಡಿದದ್ದು ಮೋಸಕ್ಕೆ ಸಾಕ್ಷಿಯಲ್ಲ. ಆದರೆ ಆ ಅಭ್ಯಾಸ ಬಿಡಿ. ಆವಿಯನ್ನು ಹೀರಲೆಂದು ಇಟ್ಟ ಇದ್ದಿಲಿನ ಡಬ್ಬಿಗೆ ದ್ರವ ಪೆಟ್ರೋಲೇ ನುಗ್ಗಿ ಅದು ಕೆಡುತ್ತದೆ. ಬಿಸಿಲಿಗೆ ಪೆಟ್ರೋಲ್ ಹಿಗ್ಗುವುದೂ ಉಂಟು, ತಾಪ 20 ಡಿಗ್ರಿ ಏರಿದರೆ 37 ಲೀಟರಿಗೆ ಸುಮಾರು 0.7 ಲೀಟರ್.

ಅನುಮಾನ ಹೋಗದಿದ್ದರೆ ಬಂಕಿನಲ್ಲಿ ಐದು ಲೀಟರಿನ ಮುದ್ರೆಯೊತ್ತಿದ ಅಳತೆಪಾತ್ರೆ ಕೇಳಿ. ಅದನ್ನು ಇಟ್ಟಿರಬೇಕು, ಕೇಳಿದವರಿಗೆ ಅಳೆದು ತೋರಿಸಬೇಕು. ಪಾತ್ರೆಯನ್ನು ಮೊದಲು ಪೆಟ್ರೋಲಿನಿಂದ ಒದ್ದೆ ಮಾಡಿ ಬಗ್ಗಿಸಿ, ಸಮತಟ್ಟಾದ ಜಾಗದಲ್ಲಿಟ್ಟು ಅಳೆಸಿ. ಐದು ಲೀಟರಿಗೆ 25 ಮಿಲಿಲೀಟರಿನವರೆಗಿನ ವ್ಯತ್ಯಾಸಕ್ಕೆ ರಿಯಾಯಿತಿ ಇದೆ. ಅದಕ್ಕಿಂತ ಕಡಿಮೆ ಬಂದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ಅಥವಾ 1915 ಗ್ರಾಹಕ ಸಹಾಯವಾಣಿಗೆ ಬಿಲ್ ಸಮೇತ ದೂರು ಕೊಡಬಹುದು. ಕಾರಿನ ಮೀಟರ್ ತೋರಿಸುವ ಕಡ್ಡಿಯನ್ನು ಹಿಡಿದುಕೊಂಡು ಬಂಕಿನಲ್ಲಿ ವಾದಕ್ಕೆ ನಿಂತರೆ ಮಾತ್ರ ಗೆಲ್ಲುವುದಿಲ್ಲ.

ರಿಪೇರಿ ಆಗುವವರೆಗೆ ಕಡ್ಡಿಗಳನ್ನು ಮರೆತು ಟ್ರಿಪ್ ಮೀಟರಿನಿಂದ ಓಡಿಸಿ. ಒಂದೇ ಬಂಕಿನ ಒಂದೇ ಪಂಪಿನಲ್ಲಿ ಆಟೊ ಕಟ್ ಆಗುವವರೆಗೆ ಹಾಕಿಸಿ, ಟ್ರಿಪ್ ಸೊನ್ನೆ ಮಾಡಿ, 350 ಕಿ.ಮೀ. ಆದಾಗ ಮತ್ತೆ ಅಲ್ಲೇ ಆಟೊ ಕಟ್‌ವರೆಗೆ ಹಾಕಿಸಿ. ದೂರವನ್ನು ಬಿಲ್ಲಿನ ಲೀಟರಿನಿಂದ ಭಾಗಿಸಿದರೆ ನಿಜವಾದ ಮೈಲೇಜ್. ಮೂರು ನಾಲ್ಕು ಸಲ ಬರೆದಿಟ್ಟರೆ ಪರದೆಗಿಂತ ನಿಮ್ಮ ಡೈರಿ ಚೆನ್ನಾಗಿ ಹೇಳುತ್ತದೆ. ಹೊಸ ಯೂನಿಟ್ ಬಂದ ಮೇಲೂ ಇದೇ ಓಟದಲ್ಲಿ ಪ್ರತಿ ಕಡ್ಡಿ ಯಾವ ಕಿ.ಮೀ.ಗೆ ಹೋಯಿತು ಎಂದು ಒಮ್ಮೆ ಗುರುತು ಮಾಡಿಕೊಳ್ಳಿ. ಘಾಟಿ ಹತ್ತುವ ದಿನ ಅರ್ಧ ಟ್ಯಾಂಕಿಗೆ ಕಡಿಮೆ ಇಟ್ಟುಕೊಂಡು ಹೊರಡಬೇಡಿ. ತಳಮಟ್ಟದಲ್ಲಿ ಓಡಿಸುವುದು ಪಂಪಿಗೂ ಒಳ್ಳೆಯದಲ್ಲ, ಅದು ತಣ್ಣಗಿರುವುದೇ ಸುತ್ತಲಿನ ಪೆಟ್ರೋಲಿನಿಂದ. ಅಕಸ್ಮಾತ್ ಮತ್ತೆ ಖಾಲಿಯಾಗಿ ನಿಂತರೆ, ಪೆಟ್ರೋಲ್ ಸುರಿದ ಕೂಡಲೇ ಸೆಲ್ಫ್ ಹೊಡೆಯುತ್ತಾ ಕೂರಬೇಡಿ. ಸ್ಟಾರ್ಟ್ ಮಾಡದೆ ಕೀಯನ್ನು ಮೂರು ನಾಲ್ಕು ಸಲ ಆನ್ ಮಾಡಿ, ಪ್ರತಿ ಸಲ ಎರಡು ಮೂರು ಸೆಕೆಂಡ್ ಬಿಡಿ. ಹಿಂದಿನಿಂದ ಪಂಪಿನ ಗುಂಯ್ ಸದ್ದು ಕೇಳಿಸುತ್ತದೆ. ಲೈನ್ ತುಂಬಿದ ಮೇಲೆ ಸೆಲ್ಫ್ ಹೊಡೆಯಿರಿ.